ಎಡತೋಳಿನ ಮೂರು ತೂತು

ಸೆಪ್ಟೆಂಬರ್ 2, ಸೋಮವಾರ

ವರದಿ ಬರೆಯಲೆಂದು ಕಾಲೇಜಿನವರು ಎರಡು ನೋಟ್‌ಬುಕ್ ಕೊಟ್ಟಿದ್ದಾರೆ. ಅವರಿಗೆ ಒಂದು ಸಾಕು. ಇದು ನನಗಿರಲಿ.

ಹೊಸ ನಿಯಮ ಬಂದಿದೆ. ಕೊನೆಯ ವರ್ಷದ ಮಕ್ಕಳು ನಾಲ್ಕು ವಾರ ಕಾರ್ಖಾನೆಯಲ್ಲಿ ಕೈಯಾರೆ ಕೆಲಸ ಮಾಡಬೇಕು, ಜೊತೆಗೊಬ್ಬ ಮೇಷ್ಟ್ರು ಇರಬೇಕು. ವಿಭಾಗದ ಮುಖ್ಯಸ್ಥರು ನನ್ನನ್ನೇ ಹಿಡಿದು ಹಾಕಿದರು. "ನಿಮಗಿಂತ ಅನುಭವಸ್ಥರು ಯಾರಿದ್ದಾರೆ ಹೇಳಿ?" ಎಂದರು. ಹದಿನೆಂಟು ವರ್ಷದಿಂದ ಯಂತ್ರಗಳ ಪಾಠ ಮಾಡುತ್ತಿದ್ದೇನೆ. ಲೇತಿನ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಲೇತನ್ನು ಓಡಿಸುವುದು ಬೇರೆ ವಿಷಯ, ಅದಕ್ಕೆ ನಮ್ಮ ಲ್ಯಾಬಿನಲ್ಲಿ ಮೆಕ್ಯಾನಿಕ್ ಇದ್ದಾನೆ.

ನನ್ನ ಪಾಲಿಗೆ ಆರು ಮಕ್ಕಳು. ಅವರಲ್ಲಿ ಒಬ್ಬಳಿಗೆ ಸ್ಟಾಫ್ ರೂಮಿನಲ್ಲಿ ನಾವು ಇಟ್ಟಿರುವ ಹೆಸರು ಪ್ರಶ್ನೆಪತ್ರಿಕೆ. ಬಾಯಿ ತೆರೆದರೆ ಪ್ರಶ್ನೆ, ಅದೂ ಉಪಪ್ರಶ್ನೆಗಳ ಸಮೇತ. ಇನ್ನೊಬ್ಬ ಇಸ್ತ್ರಿ. ಅಂಗಿಯಲ್ಲಿ ಒಂದು ಸುಕ್ಕು ಕಂಡರೆ ನನ್ನ ಸಂಬಳ ಬಿಟ್ಟುಕೊಡುತ್ತೇನೆ. ಉಳಿದ ನಾಲ್ವರು ಅವರಿಬ್ಬರ ಹಿಂದೆ ನಿಲ್ಲುವವರು.

ಫೋರ್ಮನ್ ಐವತ್ತು ದಾಟಿದ ಮನುಷ್ಯ, ಗ್ರೀಸು ಅವರ ಕೈಗೆರೆಗಳೊಳಗೆ ಕೂತುಬಿಟ್ಟಿದೆ. ಒಂದು ಮಿಲ್ಲಿಂಗ್ ಯಂತ್ರದ ಮುಂದೆ ನಿಲ್ಲಿಸಿ, "ಮೇಷ್ಟ್ರೇ, ಪೀಸು ಹಿಡಿಯೋ ಈ ವೈಸ್ ನೇರ ಇದೆಯಾ ಅಂತ ಡಯಲ್ ಇಟ್ಟು ಒಂದ್ಸಲ ತೋರಿಸಿಬಿಡಿ ಮಕ್ಕಳಿಗೆ" ಎಂದರು. ಭುಜ ನೋವು ಎಂದೆ. ಯಾವ ಭುಜ ಎಂದು ಅವರು ಕೇಳಲಿಲ್ಲ, ಪುಣ್ಯ.

ಕೊನೆಗೆ ಇನ್ನೊಂದು ಮಾತು ಹೇಳಿದರು. ಆರು ಜನರಲ್ಲಿ ಒಬ್ಬರಿಗೆ ಇಲ್ಲೇ ಕೆಲಸ ಕೊಡುತ್ತಾರಂತೆ. ಇಪ್ಪತ್ತಾರಕ್ಕೆ ಆಯ್ಕೆ. ಪ್ರಶ್ನೆಪತ್ರಿಕೆಯ ಮುಖ ನೋಡಬೇಕಿತ್ತು. ಯಂತ್ರದ ಮುಂದೆ ನಿಲ್ಲುವ ಕೆಲಸವೇ ಬೇಕೆಂದು ಹಟ ಹಿಡಿದು, ಮನೆಯಲ್ಲಿ ಮೂರು ತಿಂಗಳು ಜಗಳವಾಡಿ ಈ ಕೋರ್ಸಿಗೆ ಸೇರಿದವಳಂತೆ ಅವಳು.

ಸೆಪ್ಟೆಂಬರ್ 5, ಗುರುವಾರ

ಕೆಲಸ ಸಿಕ್ಕಿತು. ಯಂತ್ರವೊಂದಕ್ಕೆ ಕೂರಿಸುವ ನಲವತ್ತು ಎರಕದ ಬ್ರಾಕೆಟ್. ಪ್ರತಿಯೊಂದಕ್ಕೂ ಎರಡು ತೋಳು, ಒಂದು ತೋಳಿಗೆ ಮಾತ್ರ ಮೂರು ತೂತು ಕೊರೆಯಬೇಕು. ನಕ್ಷೆ ಗಿರಾಕಿಯದು, ಹೊರದೇಶದಿಂದ ಬಂದದ್ದು. ಫೋರ್ಮನ್ ಎರಡು ದಿನ ಊರಲ್ಲಿರುವುದಿಲ್ಲ, ಮೊದಲ ಪೀಸನ್ನು ನಾನೇ ಪರೀಕ್ಷಿಸಿ ಸಹಿ ಹಾಕಬೇಕು. ಹೊಸ ಪೆನ್ನು ತೆಗೆದುಕೊಂಡು ಹೋಗಿದ್ದೆ.

ಪ್ರಶ್ನೆಪತ್ರಿಕೆ ನಕ್ಷೆ ಹಿಡಿದುಕೊಂಡು ಬಂದಳು. "ಸರ್, ಮೂಲೇಲಿರೋ ಈ ಗುರುತು ನಮ್ಮ ಪುಸ್ತಕದಲ್ಲಿರೋದಕ್ಕೆ ಉಲ್ಟಾ ಇದೆ. ಹಾಗಾದ್ರೆ ತೂತು ಬಲತೋಳಿಗೆ ಬರಬೇಕಲ್ವಾ?" ಆಗ ನಾನು ಕಾರ್ಖಾನೆಯ ಗುಮಾಸ್ತರ ಜೊತೆ ನಮ್ಮ ಕಾಲೇಜಿನ ಹಿರಿಮೆ ಹೇಳುತ್ತಿದ್ದೆ. ಹಾಳೆಯತ್ತ ಹಾಗೇ ಒಮ್ಮೆ ಕಣ್ಣು ಹಾಯಿಸಿದೆ. "ಪ್ರಿಂಟಲ್ಲಿ ಹಾಗೆ ಬಂದಿರುತ್ತಮ್ಮ. ಪುಸ್ತಕದಲ್ಲಿ ಇರೋ ಹಾಗೆ ಓದು, ಎಡತೋಳೇ" ಎಂದೆ. ಗುಮಾಸ್ತರು ಮೆಚ್ಚಿ ತಲೆಯಾಡಿಸಿದರು.

ಮಧ್ಯಾಹ್ನ ಮೊದಲ ಪೀಸು ತಂದಳು. ಅಳೆದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸಹಿ ಹಾಕಿದೆ. ಅವಳ ಕೈ ಒಳ್ಳೆಯದು.

ಸೆಪ್ಟೆಂಬರ್ 10, ಮಂಗಳವಾರ

ಹೇಗೆ ಬರೆಯಲಿ?

ಬೆಳಿಗ್ಗೆ ಫೋರ್ಮನ್ ಒಂದು ಬ್ರಾಕೆಟ್ಟನ್ನು ಯಂತ್ರಕ್ಕೆ ಕೂರಿಸಲು ಹೋದರು. ಕೂರಲಿಲ್ಲ. ಇನ್ನೊಂದು ತೆಗೆದರು. ಅದೂ ಇಲ್ಲ. ನಕ್ಷೆ ತರಿಸಿ ಮೂಲೆಯ ಗುರುತಿನ ಮೇಲೆ ಬೆರಳಿಟ್ಟರು. ಎರಡು ವೃತ್ತ, ಪಕ್ಕದಲ್ಲಿ ತಲೆ ಕತ್ತರಿಸಿದ ಶಂಕು. ನಮ್ಮಲ್ಲಿ ಪಕ್ಕದ ನೋಟ ಬರೆಯುವ ಕ್ರಮ ಒಂದು, ಅವರ ದೇಶದಲ್ಲಿ ಅದರ ತಿರುವುಮುರುವು. ಯಾವ ಕ್ರಮ ಎಂದು ಹೇಳುವುದಕ್ಕೇ ಆ ಗುರುತು ಇರುವುದು. ಹದಿನೆಂಟು ವರ್ಷದಿಂದ ಪ್ರತಿ ಜುಲೈನಲ್ಲೂ ಅದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ. ತೂತು ಬಲತೋಳಿಗೆ ಬರಬೇಕಿತ್ತು. ನಲವತ್ತಕ್ಕೆ ನಲವತ್ತೂ ಎಡಕ್ಕಿವೆ.

ಆರೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋರ್ಮನ್ ಕೇಳಿದರು. "ಗುರುತು ನೋಡಲಿಲ್ವಾ ಯಾರೂ?"

ಪ್ರಶ್ನೆಪತ್ರಿಕೆ ನನ್ನ ಕಡೆ ತಿರುಗಿದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ತೆರೆದೆ. "ಎಲ್ಲಾ ಹೇಳಿಕೊಟ್ಟಿದ್ದೀನಿ ಸ್ವಾಮಿ. ಮೊದಲು ಗುರುತು ನೋಡಿ, ಆಮೇಲೆ ಕೆಲಸಕ್ಕೆ ಕೈ ಹಾಕಿ ಅಂತ ಹದಿನೆಂಟು ವರ್ಷದಿಂದ ಬಡ್ಕೋತಾ ಇದ್ದೀನಿ. ನಾನು ಸಹಿ ಹಾಕಿದ್ದು ಅಳತೆಗೆ. ಅಳತೆ ಸರಿಯಾಗೇ ಇದೆ."

ಒಂದೊಂದು ಮಾತೂ ನಿಜ.

ಅವಳು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ನೆಲ ನೋಡಿ, "ನಕ್ಷೆ ಓದಿದ್ದು ನಾನು. ತಪ್ಪು ನಂದೇ ಸರ್" ಎಂದಳು. ಫೋರ್ಮನ್ ಅವಳ ಹೆಸರಿನ ಮುಂದೆ ಏನೋ ಬರೆದುಕೊಂಡರು. ಬೇಡವಾದ ಪೀಸಿಗೆ ಕೆಂಪು ಬಣ್ಣ ಬಳಿಯುವುದು ಅಲ್ಲಿಯ ಪದ್ಧತಿ. ಮಧ್ಯಾಹ್ನವೆಲ್ಲ ಅವಳೊಬ್ಬಳೇ ಕೂತು ನಲವತ್ತಕ್ಕೂ ಬಳಿದಳು.

ಸೆಪ್ಟೆಂಬರ್ 11, ಬುಧವಾರ

ರಜೆ ಹಾಕಿದೆ. ಭುಜ ನೋವು ಎಂದು ಬರೆದುಕೊಟ್ಟೆ.

ಸೆಪ್ಟೆಂಬರ್ 13, ಶುಕ್ರವಾರ

ಯೋಚಿಸಿ ನೋಡಿದರೆ ಅವಳ ತಪ್ಪೂ ಇಲ್ಲದಿಲ್ಲ. ಅನುಮಾನ ಬಂದಮೇಲೆ ಇನ್ನೊಮ್ಮೆ ಕೇಳಬಹುದಿತ್ತು. ಗಟ್ಟಿಯಾಗಿ ಕೇಳಬಹುದಿತ್ತು. ಕಾರ್ಖಾನೆಯಲ್ಲಿ ಸದ್ದಿರುತ್ತದೆ, ಮೇಷ್ಟ್ರು ಬೇರೆ ಮಾತಿನಲ್ಲಿರುತ್ತಾರೆ.

ಮೇಲಿನದನ್ನು ಈಗ ಓದಿದೆ. ಹರಿದು ಹಾಕೋಣ ಅನ್ನಿಸಿತು. ಇರಲಿ.

ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಅಂದರೆ, ನಮ್ಮಲ್ಲಿ ಯಾರೋ ಒಬ್ಬರು ಹೀಗೆ ಮಾಡಿದರಂತೆ ಎಂದು ಹೇಳಿದೆ. ಅವಳಿಗೆ ಹೊಲಿಗೆ ಅಂಗಡಿಯಿದೆ, ಎಡಬಲ ಅಂದರೆ ಸಾಕು, ಕಿವಿ ನಿಮಿರುತ್ತದೆ.

"ನಾನೂ ಒಂದ್ಸಲ ಮದುವೆ ಹುಡುಗಿ ರವಿಕೆಗೆ ಎರಡೂ ಎಡತೋಳೇ ಕತ್ತರಿಸಿದ್ದೆ, ನೆನಪಿದ್ಯಾ?" ಎಂದಳು. "ಬಟ್ಟೆ ಬೇರೆ ಸಿಗೋ ಹಾಗಿರಲಿಲ್ಲ. ಅವಳಮ್ಮನ ಎದುರು ನಿಂತು ಹೇಳೋ ಹೊತ್ತಿಗೆ ಜೀವ ಬಾಯಿಗೆ ಬಂದಿತ್ತು."

"ಕತ್ತರಿಸಿದ್ದು ನಿನ್ನ ಸಹಾಯಕಿ ಅಂತ ಹೇಳಬಹುದಿತ್ತಲ್ಲ."

"ಹೇಳಬಹುದಿತ್ತು. ಮಾರನೇ ದಿನ ಅವಳ ಪಕ್ಕದಲ್ಲೇ ಕೂತು ಹೊಲೀಬೇಕಲ್ಲ." ಪಾತ್ರೆ ಮುಚ್ಚುತ್ತಾ ಕೇಳಿದಳು, "ನಿಮ್ಮ ಆ ಯಾರೋ ಒಬ್ಬರು ಇವತ್ತಾದ್ರೂ ಸರಿಯಾಗಿ ಊಟ ಮಾಡ್ತಾರಾ?"

ನನ್ನ ತಟ್ಟೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಇತ್ತು.

ಸೆಪ್ಟೆಂಬರ್ 17, ಮಂಗಳವಾರ

ಆಂತರಿಕ ಅಂಕ ಹಾಕುವ ದಿನ, ಎಲ್ಲರೂ ಕಾಲೇಜಿಗೆ ಬಂದಿದ್ದೆವು. ಪ್ರಶ್ನೆಪತ್ರಿಕೆಗೆ ಇಪ್ಪತ್ತೈದಕ್ಕೆ ಇಪ್ಪತ್ತೈದು ಹಾಕಿದೆ. ಹಾಕುವಾಗ ಮನಸ್ಸು ಹಗುರಾಯಿತು, ಸುಳ್ಳು ಯಾಕೆ ಹೇಳಲಿ. ಒಂದು ಲೆಕ್ಕ ತೀರಿತು ಅಂದುಕೊಂಡೆ.

ಅದು ಅರ್ಧ ಗಂಟೆಯೂ ಉಳಿಯಲಿಲ್ಲ. ಪಟ್ಟಿ ಹಚ್ಚಿದ ಕೂಡಲೇ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

"ಸರ್, ನಲವತ್ತು ಪೀಸು ಹಾಳು ಮಾಡಿದವಳಿಗೆ ಪೂರ್ತಿ ಅಂಕ ಕೊಟ್ರೆ ಬೇರೆಯವರು ಏನಂದ್ಕೋತಾರೆ? ಹತ್ತು ಕಡಿಮೆ ಮಾಡಿ."

"ನಾನು ಕೊಟ್ಟಿದ್ದೀನಿ, ತಗೋ" ಎಂದೆ, ಸ್ವಲ್ಪ ಜೋರಾಗಿಯೇ. ಅವಳು ಬೆದರಿ ಹೊರಟುಹೋದಳು. ಬಾಯಿ ಮುಚ್ಚಿಕೊಂಡಿದ್ದಕ್ಕೆ ಕೊಟ್ಟ ಕೂಲಿ ಅಂದುಕೊಂಡಿರುತ್ತಾಳೆ. ಅವಳ ದೃಷ್ಟಿಯಲ್ಲಿ ನಾನೀಗ ಇನ್ನೂ ಸಣ್ಣ ಮನುಷ್ಯ. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಸೆಪ್ಟೆಂಬರ್ 20, ಶುಕ್ರವಾರ

ಪ್ರಶ್ನೆಪತ್ರಿಕೆ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದಾಳೆ.

ಇದನ್ನು ನಾನಾಗಿ ಗಮನಿಸಲಿಲ್ಲ, ಫೋರ್ಮನ್ ಹೇಳಿದರು. "ಮೊದಲ ವಾರ ಆ ಮಗು ನನ್ನ ತಲೆ ತಿಂತಿತ್ತು. ಈಗ ಬಾಯೇ ಬಿಡಲ್ಲ. ಒಂದು ಬೋಲ್ಟ್ ಬಿಗಿ ಮಾಡೋಕೂ ಆ ಇಸ್ತ್ರಿ ಅಂಗಿ ಹುಡುಗನ್ನ ಕರೆದು, ಇದು ಬಲಗಡೆ ಹೌದಾ ಅಂತ ಕೇಳ್ತಾಳೆ."

ನಾನು ಹೋಗಿ ದೂರದಿಂದ ನೋಡಿದೆ. ಡ್ರಿಲ್ಲಿಂಗ್ ಯಂತ್ರದ ಮುಂದೆ ನಿಂತಿದ್ದಳು. ಎರಡೂ ಮುಂಗೈ ಮೇಲೆ ನೀಲಿ ಪೆನ್ನಿನಲ್ಲಿ ಒಂದೊಂದು ಅಕ್ಷರ ಬರೆದುಕೊಂಡಿದ್ದಳು. ಎ, ಬ. ಒಂದನೇ ತರಗತಿಯ ಮಕ್ಕಳ ಹಾಗೆ. ಪೀಸು ಇಡುವ ಮುಂಚೆ ಕೈ ನೋಡಿಕೊಳ್ಳುತ್ತಾಳೆ, ನಕ್ಷೆ ನೋಡುತ್ತಾಳೆ, ಮತ್ತೆ ಕೈ ನೋಡಿಕೊಳ್ಳುತ್ತಾಳೆ. ಒಂದು ತೂತಿಗೆ ಮುಕ್ಕಾಲು ಗಂಟೆ ತೆಗೆದುಕೊಂಡಳು. ಬ್ರಾಕೆಟ್ಟಿನ ಮೊದಲ ಪೀಸನ್ನು, ಮೂರೂ ತೂತು ಸೇರಿ, ಇದೇ ಹುಡುಗಿ ಒಂದು ಗಂಟೆಯೊಳಗೆ ಮುಗಿಸಿ ತಂದಿದ್ದಳು.

ಈ ಆರು ಜನರಲ್ಲಿ ಕೈಯಲ್ಲಿ ಕೆಲಸ ಇದ್ದದ್ದು ಅವಳೊಬ್ಬಳಿಗೇ. ಏಳು ಜನರಲ್ಲಿ ಎಂದು ಬರೆಯಬೇಕಿತ್ತು.

ಸೆಪ್ಟೆಂಬರ್ 24, ಮಂಗಳವಾರ

ಇವತ್ತು ಹೇಳಿಬಿಡಬೇಕೆಂದೇ ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಇನ್ನು ಎರಡು ದಿನಕ್ಕೆ ಆಯ್ಕೆ, ಇವತ್ತು ಹೇಳಿದರೆ ಅವಳ ಹೆಸರಿನ ಮುಂದೆ ಬರೆದದ್ದನ್ನು ಹೊಡೆದು ಹಾಕುತ್ತಾರೆ.

ಫೋರ್ಮನ್ ಚಹಾ ತರಿಸಿದರು. "ಆ ಬ್ರಾಕೆಟ್ ವಿಷಯ..." ಎಂದೆ.

"ಅಯ್ಯೋ ಬಿಡಿ ಮೇಷ್ಟ್ರೇ" ಎಂದರು. "ಮಕ್ಕಳು, ಕಲಿಯೋವಾಗ ಆಗತ್ತೆ. ನಾವೇ ಹೊಟ್ಟೆಗೆ ಹಾಕ್ಕೋಬೇಕು."

ನಾನು ಏನು ಮಾಡಿದೆ? ಮಕ್ಕಳ ಪರವಾಗಿ ಥ್ಯಾಂಕ್ಸ್ ಹೇಳಿದೆ. ಚಹಾ ಕುಡಿದೆ. ಬಂದೆ.

ನಾಳೆ ಹೇಳುತ್ತೇನೆ.

ಸೆಪ್ಟೆಂಬರ್ 25, ಬುಧವಾರ

ಹೇಳಲಿಲ್ಲ.

ಸೆಪ್ಟೆಂಬರ್ 26, ಗುರುವಾರ

ಕೆಲಸ ಇಸ್ತ್ರಿಗೆ ಸಿಕ್ಕಿತು. ಕಾಗದಕ್ಕೆ ಸಹಿಯೂ ಆಯಿತು. ಅವನಿಗೇ ಆಶ್ಚರ್ಯ. "ನಂಗಾ ಸರ್?" ಎಂದು ಎರಡು ಸಲ ಕೇಳಿದ. ಪ್ರಶ್ನೆಪತ್ರಿಕೆ ಎಲ್ಲರಿಗಿಂತ ಮೊದಲು ಹೋಗಿ ಅವನ ಕೈ ಕುಲುಕಿದಳು. ನಾನೂ ಕುಲುಕಿದೆ.

ಇನ್ನು ಹೇಳಿ ಯಾರಿಗೇನು ಉಪಯೋಗ ಎಂಬ ಯೋಚನೆ ಬಂತು. ಬಂದ ಕೂಡಲೇ ಎದೆಯ ಮೇಲಿಂದ ಭಾರ ಇಳಿದಂತಾಯಿತು. ಈ ಹೊತ್ತಿಗಾಗಿಯೇ ಮೂರು ದಿನ ಕಾಯುತ್ತಿದ್ದೆನೇನೋ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಸೆಪ್ಟೆಂಬರ್ 27, ಶುಕ್ರವಾರ

ಮಧ್ಯಾಹ್ನ ಕಾರ್ಖಾನೆಯ ಮೆಟ್ಟಿಲ ಮೇಲೆ ಕೂತಿದ್ದೆ. ಅವಳು ಎರಡು ಹಾಳೆ ತಂದಳು. ಒಂದು ಗಿರಾಕಿಯ ನಕ್ಷೆ, ಇನ್ನೊಂದು ಕಾರ್ಖಾನೆಯದೇ ಯಾವುದೋ ಹಳೆಯ ನಕ್ಷೆ, ನಮ್ಮ ಕ್ರಮದಲ್ಲಿ ಬರೆದದ್ದು.

"ಸರ್, ನಾನು ತುಂಬಾ ಯೋಚನೆ ಮಾಡಿದೆ. ಅವತ್ತು ನಿಮಗೆ ತೋರಿಸಿದ್ದು ಈ ಹಳೇ ಹಾಳೇನೇ ಇರಬೇಕು. ಕೈಯಲ್ಲಿ ಎರಡೂ ಇದ್ವು. ಇಲ್ಲಾಂದ್ರೆ ನೀವು ಎಡ ಅಂತ ಹೇಳ್ತಾನೇ ಇರಲಿಲ್ಲ."

ಎರಡೂ ಹಾಳೆಗಳನ್ನು ಕೈಗೆ ತೆಗೆದುಕೊಂಡೆ.

"ಗುರುತು ಉಲ್ಟಾ ಇರೋದನ್ನ ನೋಡಿದ್ದು ನಂಗೆ ಚೆನ್ನಾಗಿ ನೆನಪಿದೆ. ಆದ್ರೆ ಅದನ್ನೂ ನಂಬೋ ಹಾಗಿಲ್ಲ ಈಗ. ನಂಗೆ ಎಡಬಲ ಸರಿಯಾಗಿ ಕಾಣ್ತಿಲ್ಲ ಸರ್. ನಾಳೆ ಕೊನೇ ದಿನ. ನನ್ನ ಕೈಗೆ ಯಂತ್ರ ಕೊಡಬೇಡಿ ಅಂತ ಫೋರ್ಮನ್ನರಿಗೆ ಹೇಳ್ತೀರಾ? ನಾನು ಕಬ್ಬಿಣದ ಚೂರು ಗುಡಿಸ್ತೀನಿ."

ಇಷ್ಟು ದಿನ ನಾನು ತಿಳಿದುಕೊಂಡದ್ದೇ ಬೇರೆ. ಅವಳಿಗೆ ಎಲ್ಲ ಗೊತ್ತಿದೆ, ಮೇಷ್ಟ್ರ ಮಾನ ಉಳಿಸಲು ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ ಎಂದು. ಅದಕ್ಕಾಗಿ ಒಳಗೊಳಗೇ ಅವಳ ಮೇಲೆ ಸಿಟ್ಟೂ ಇತ್ತು. ಅವಳು ಏನನ್ನೂ ಮುಚ್ಚಿಡುತ್ತಿರಲಿಲ್ಲ. ನನ್ನ ಮಾತನ್ನು ನಂಬಿ ತನ್ನ ಕಣ್ಣನ್ನೇ ಸುಳ್ಳು ಮಾಡಿಕೊಂಡಿದ್ದಾಳೆ.

"ನಾಳೆ ಬೆಳಿಗ್ಗೆ ಎಲ್ಲರೂ ಇದ್ದಾಗ ಮಾತಾಡೋಣ" ಎಂದೆ. ಅಲ್ಲೇ, ಆಗಲೇ ಹೇಳಬಹುದಿತ್ತು. ಹಾಳೆಗಳನ್ನು ಅವಳಿಗೆ ಹಿಂದಿರುಗಿಸಿದೆ. ಮನೆಗೆ ಬಂದು ಹೆಂಡತಿಗೆ ಪೂರ್ತಿ ಹೇಳಿದೆ, ಈ ಸಲ ಯಾರೋ ಒಬ್ಬರನ್ನು ನಡುವೆ ತರದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದಳು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಅದೇ ಒಳ್ಳೆಯದಾಯಿತು.

ಸೆಪ್ಟೆಂಬರ್ 28, ಶನಿವಾರ

ಹೇಳಿದೆ.

ಫೋರ್ಮನ್, ಗುಮಾಸ್ತರು, ಆರೂ ಮಕ್ಕಳು ಇದ್ದರು. ಜೋಡಿಸಿಕೊಂಡು ಹೋದ ಮಾತು ಒಂದೂ ಬರಲಿಲ್ಲ. "ಈ ಹುಡುಗಿ ನಂಗೆ ತೋರಿಸಿದ್ದು ಸರಿಯಾದ ಹಾಳೇನೇ. ಗುರುತು ಉಲ್ಟಾ ಇದೆ ಅಂದ್ಲು, ಬಲತೋಳು ಅಂದ್ಲು. ನಾನು ಸರಿಯಾಗಿ ನೋಡದೇ ಎಡ ಅಂದೆ. ಮೊದಲ ಪೀಸಿಗೆ ಸಹಿ ಹಾಕಿದ್ದೂ ನಾನೇ. ನೀವು ಕೇಳಿದಾಗ ಹೆದರಿ ಇವಳ ಮೇಲೆ ಹಾಕಿದೆ." ಇಷ್ಟೇ. ಹೇಳಿ ಮುಗಿಸಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

ಫೋರ್ಮನ್ ತಮ್ಮ ಪುಸ್ತಕ ತೆಗೆದು ಅವಳ ಹೆಸರಿನ ಮುಂದೆ ಬರೆದದ್ದನ್ನು ಹೊಡೆದು ಹಾಕಿದರು. ಆಮೇಲೆ, "ಮಂಗಳವಾರ ನನ್ನೆದುರು ಕೂತು ಚಹಾ ಕುಡಿದ್ರಲ್ಲ ಮೇಷ್ಟ್ರೇ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಕಡೆ ತಿರುಗಿ, "ಇದ್ದದ್ದು ಒಂದೇ ಜಾಗ, ಅದು ಹೋಯ್ತು ಮಗೂ. ವರ್ಷದ ಕೊನೆಗೆ ಇನ್ನೊಂದು ಆಗಬಹುದು, ಮಾತು ಕೊಡಲ್ಲ. ಅರ್ಜಿ ಹಾಕು" ಎಂದರು. ಇಸ್ತ್ರಿ ತನ್ನ ಅಂಗಿಯ ಗುಂಡಿ ನೋಡಿಕೊಳ್ಳುತ್ತಾ ನಿಂತಿದ್ದ, ಪಾಪ, ಅವನದೇನೂ ತಪ್ಪಿರಲಿಲ್ಲ.

ಅವಳು ಅಳಬಹುದು ಎಂದುಕೊಂಡಿದ್ದೆ. ಕ್ಷಮಿಸುತ್ತಾಳೆ ಎಂದೂ ಒಂದು ಆಸೆ ಇತ್ತು. ಎರಡೂ ಆಗಲಿಲ್ಲ.

"ಕಳೆದ ವಾರ ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ ಸರ್" ಎಂದಳು. ದನಿಯಲ್ಲಿ ಸಿಟ್ಟಿತ್ತು. "ನಂಗೆ ಎಡಬಲ ತಿರುಗಿ ಕಾಣತ್ತೆ ಅಂತ ಹೇಳಿದೆ. ಅವರು ಎಲ್ಲಾ ಪರೀಕ್ಷೆ ಮಾಡಿ, ಏನೂ ತೊಂದರೆ ಇಲ್ಲಮ್ಮ, ಕಣ್ಣು ಚೆನ್ನಾಗಿದೆ ಅಂದ್ರು. ನಾನು ಡಾಕ್ಟರನ್ನ ನಂಬಲಿಲ್ಲ. ನಿಮ್ಮನ್ನ ನಂಬಿದೆ."

ಅವಳೇ ಮತ್ತೆ ಕೇಳಿದಳು.

"ಇನ್ನೂ ಏನೇನು ಹಾಗೆ, ನೋಡದೆ ಮಾಡದೆ ಹೇಳಿಕೊಟ್ಟಿದ್ದೀರಿ ಸರ್?"

"ಬರೆದು ತಂದು ನಿನಗೆ ಕೊಡ್ತೀನಿ" ಎಂದೆ.

"ನಂಗೊಬ್ಬಳಿಗೇ ಯಾಕೆ? ನಿಮ್ಮ ಪಾಠ ಎಲ್ಲರೂ ಕೇಳಿದ್ದಾರೆ. ಕ್ಲಾಸಲ್ಲಿ ಓದಿ."

ಸೆಪ್ಟೆಂಬರ್ 29, ಭಾನುವಾರ

ಬೆಳಗಿನಿಂದ ಪಟ್ಟಿ. ಸ್ವತಃ ಮಾಡಿ ನೋಡದೆ ಪಾಠ ಮಾಡಿದ್ದು.

ವೈಸ್ ನೇರವಿದೆಯೇ ಎಂದು ಡಯಲ್ ಇಟ್ಟು ನೋಡುವುದು. ಲೇತಿನಲ್ಲಿ ಬೋಲ್ಟಿನ ಥ್ರೆಡ್ ಕತ್ತರಿಸುವುದು. ಎರಕ ಹೊಯ್ಯುವುದು, ಹೊಯ್ಯುವುದನ್ನು ಹತ್ತಿರದಿಂದ ನೋಡಿದ್ದೂ ಇಲ್ಲ, ವಿಡಿಯೋ ತೋರಿಸುತ್ತೇನೆ. ಗ್ರೈಂಡಿಂಗ್ ಕಲ್ಲು ಬದಲಾಯಿಸುವುದು, ಇದರ ಸುರಕ್ಷತಾ ನಿಯಮಗಳನ್ನು ಮಾತ್ರ ಎಂಟು ಅಂಕಕ್ಕೆ ಬರೆಸುತ್ತೇನೆ. ಕೊರೆದು ಇನ್ನೂ ಬಿಸಿಯಾಗಿರುವ ಪೀಸನ್ನು ಅಳೆದರೆ ಅಳತೆ ಸುಳ್ಳು ಹೇಳುತ್ತದೆ ಎನ್ನುವುದು. ಹೇಳುತ್ತೇನೆ, ಎಷ್ಟು ಸುಳ್ಳು ಎಂದು ಗೊತ್ತಿಲ್ಲ. ಮೊಂಡಾದ ಡ್ರಿಲ್ಲನ್ನು ಕೈಯಲ್ಲಿ ಹಿಡಿದು ಮಸೆಯುವುದು. ಹೊರದೇಶದ ನಕ್ಷೆ ಓದುವುದು.

ಹೆಂಡತಿ ಮಧ್ಯಾಹ್ನ ಬಂದು ಹಿಂದಿನಿಂದ ಓದಿದಳು. "ಇಷ್ಟೊಂದಾ?" ಎಂದಳು. ಇನ್ನೂ ಮುಗಿದಿಲ್ಲ ಎಂದೆ. ಸಂಜೆಯ ಹೊತ್ತಿಗೆ ಇಪ್ಪತ್ತಮೂರು ಆಯಿತು. ಡ್ರಿಲ್ ಮಸೆಯುವುದನ್ನು ಲ್ಯಾಬಿನ ಮೆಕ್ಯಾನಿಕ್ ಬಳಿ ಕಲಿಯಬಹುದು, ಬುಧವಾರ ಅವನಿಗೆ ಬಿಡುವಿರುತ್ತದೆ. ಅದಕ್ಕೆ ಹಳೆಯ ಅಂಗಿ ಬೇಕು.

ಸೆಪ್ಟೆಂಬರ್ 30, ಸೋಮವಾರ

ಮೊದಲ ಪೀರಿಯಡ್. ಅರವತ್ತು ಜನ. ಹಾಜರಿ ಮುಗಿಸಿ ಹಾಳೆ ತೆಗೆದೆ. "ಇವು ನಾನು ನಿಮಗೆ ಹೇಳಿಕೊಟ್ಟಿರೋ, ಆದರೆ ಯಾವತ್ತೂ ಮಾಡಿಲ್ಲದ ಕೆಲಸಗಳು" ಎಂದು ಶುರುಮಾಡಿದೆ. ಹಾಳೆಯನ್ನು ಮೇಜಿನ ಮೇಲಿಟ್ಟು ಓದಿದೆ.

ಎರಡನೆಯದಕ್ಕೆ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಮೂರನೆಯದಕ್ಕೆ ಇನ್ನೂ ನಾಲ್ಕು ಜನ. ಆರನೆಯದರ ಹೊತ್ತಿಗೆ ಕ್ಲಾಸು ತಣ್ಣಗಾಯಿತು. ನಾಚಿಕೆಯಿಂದ ತಲೆ ಎತ್ತಿರಲಿಲ್ಲ. ಅವರಿಗೂ ನನ್ನ ಸ್ಥಿತಿ ನೋಡಿ ಸಂಕಟವಾಗಿರಬೇಕು ಅಂದುಕೊಂಡು ತಲೆ ಎತ್ತಿದೆ.

ಎಲ್ಲರೂ ಬರೆದುಕೊಳ್ಳುತ್ತಿದ್ದರು.

ಮುಂದಿನ ಸಾಲಿನ ಹುಡುಗನೊಬ್ಬ ಅಂಚಿಗೆ ಗೆರೆ ಎಳೆದು ಅಚ್ಚುಕಟ್ಟಾಗಿ ಕ್ರಮಸಂಖ್ಯೆ ಹಾಕಿದ್ದ. "ಸರ್, ಐದನೇದು ಇನ್ನೊಂದ್ಸಲ ಹೇಳಿ" ಎಂದ. ಪಕ್ಕದವನು, "ಇದು ಪರೀಕ್ಷೆಗೆ ಬರುತ್ತಾ ಸರ್?" ಎಂದು ಕೇಳಿದ. ತಮಾಷೆಗಲ್ಲ. ನನ್ನ ಬಾಯಿಂದ ಬಂದದ್ದನ್ನೆಲ್ಲ ಹಾಗೇ ಇಳಿಸಿಕೊಳ್ಳುವುದನ್ನು ಅವರಿಗೆ ನಾನೇ ಕಲಿಸಿದ್ದೇನೆ.

ಮೂರನೇ ಬೆಂಚಿನಲ್ಲಿ ಅವಳೊಬ್ಬಳು ಮಾತ್ರ ಬರೆಯುತ್ತಿರಲಿಲ್ಲ. ಪುಸ್ತಕ ಮುಚ್ಚಿಟ್ಟು, ಕೈಕಟ್ಟಿ ಕೂತು ನನ್ನನ್ನೇ ನೋಡುತ್ತಿದ್ದಳು. ಪೆನ್ನು ಕೆಳಗಿಡಿ ಎಂದು ಎಲ್ಲರಿಗೂ ಹೇಳಿದೆ. ಇಡಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಏಳನೆಯದನ್ನು ಓದಿದೆ: ಹೊರದೇಶದ ನಕ್ಷೆ ಓದುವುದು.